ಕುದುರೆಯ ಹುಳು, ಮನುಷ್ಯನ ಕಣ್ಣು

ಮೇವು ತಿಂದರೂ ಮೈಹಿಡಿಯದ ಕರು, ದಿನದಿಂದ ದಿನಕ್ಕೆ ಬಡಕಲಾಗುವ ಕುರಿ, ಇವನ್ನು ಕಂಡಾಗ ಹೊಟ್ಟೆಯಲ್ಲಿ ಜಂತುಹುಳು ಸೇರಿರಬೇಕೆಂದು ನಮ್ಮ ರೈತ ತಟ್ಟನೆ ಊಹಿಸಿಬಿಡುತ್ತಾನೆ. ಇತಿಹಾಸಕಾರನ ಕಣ್ಣಿಗೆ ಮಾತ್ರ ಈ ಕ್ಷುದ್ರಜೀವಿ ಬಿದ್ದದ್ದು ಅಪರೂಪ. ಯುದ್ಧಗಳ ಇಸವಿಗಳು ನಮಗೆ ಬಾಯಿಪಾಠ. ಪಶುಗಳ ಹುಳುವಿಗೆಂದು ಹುಡುಕಿದ ಮದ್ದೊಂದು ಅಸಂಖ್ಯ ಮನುಷ್ಯರ ದೃಷ್ಟಿಯನ್ನು ಉಳಿಸಿದ ಕಥೆಯನ್ನು ಬಲ್ಲವರು ಕೆಲವರೇ.

ಈ ಕಥೆಯ ನಾಯಕರಲ್ಲಿ ಒಬ್ಬರಾದ ವಿಲಿಯಂ ಕ್ಯಾಂಪ್‌ಬೆಲ್ಲರು ಹುಟ್ಟಿದ್ದು 1930ರಲ್ಲಿ, ಬೆಳೆದದ್ದು ಐರ್ಲೆಂಡಿನ ರಾಮೆಲ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ರೈತರಿಗೆ ಬೇಕಾದ ಸಾಮಗ್ರಿಗಳ ವ್ಯಾಪಾರಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಡೆಸ್ಮಂಡ್ ಸ್ಮಿತ್ ಎಂಬ ಗುರುಗಳು ಈ ತರುಣನ ಮನಸ್ಸನ್ನು ಪರೋಪಜೀವಿಗಳ ವಿಚಿತ್ರ ಲೋಕದತ್ತ ತಿರುಗಿಸಿದರು. ಮುಂದೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪಿತ್ತಕೋಶದ ಹುಳುವನ್ನು ಕುರಿತು ಸಂಶೋಧನೆ ನಡೆಸಿ, 1957ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಅವರು ಮರ್ಕ್ ಔಷಧ ಸಂಸ್ಥೆಯನ್ನು ಸೇರಿದರು. ಜಾನುವಾರುಗಳ ಹುಳುವಿಗೆ ಮದ್ದನ್ನು ಅರಸುವುದು ಅವರ ನಿತ್ಯದ ಕಾಯಕವಾಯಿತು.

ಇತ್ತ ಜಪಾನಿನಲ್ಲಿ ಕಿಟಸಾಟೊ ಸಂಸ್ಥೆಯ ಸತೋಶಿ ಒಮುರಾ ಅವರು ಊರೂರಿನ ಮಣ್ಣನ್ನು ತಂದು ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸುತ್ತಿದ್ದರು. 1970ರ ದಶಕದಲ್ಲಿ ಆ ಎರಡು ಸಂಸ್ಥೆಗಳ ನಡುವೆ ಒಪ್ಪಂದವಾಗಿ, ಒಮುರಾ ಆರಿಸಿದ ಸೂಕ್ಷ್ಮಜೀವಿಗಳು ಕಡಲು ದಾಟಿ ಅಮೆರಿಕವನ್ನು ಸೇರಿದವು. ಕ್ಯಾಂಪ್‌ಬೆಲ್ಲರ ತಂಡದ ಪರೀಕ್ಷೆ ಸರಳವಾದುದು: ಹುಳು ಹಿಡಿಸಿದ ಇಲಿಗೆ ಸೂಕ್ಷ್ಮಜೀವಿಯ ರಸವನ್ನು ಆಹಾರದಲ್ಲಿ ಬೆರೆಸಿ ಕೊಡುವುದು, ಬಳಿಕ ಹುಳು ಉಳಿದಿದೆಯೇ ಎಂದು ನೋಡುವುದು. ಶಿಜುವೋಕ ಪ್ರಾಂತದಲ್ಲಿ, ಗಾಲ್ಫ್ ಮೈದಾನವೊಂದರ ಬಳಿಯ ಮಣ್ಣಿನಿಂದ ಬಂದ ಸೂಕ್ಷ್ಮಜೀವಿಯೊಂದು ಇಲಿಯ ಹುಳುವನ್ನು ಇಲ್ಲವಾಗಿಸಿತು. ಅದರ ಸಾರವೇ ಅವರ್‌ಮೆಕ್ಟಿನ್. ಅದನ್ನು ತುಸು ಮಾರ್ಪಡಿಸಿದಾಗ ದೊರೆತದ್ದು ಐವರ್‌ಮೆಕ್ಟಿನ್. 1981ರಲ್ಲಿ ಅದು ಪಶುಗಳ ಔಷಧವಾಗಿ ಮಾರುಕಟ್ಟೆಗೆ ಬಂತು. ದನ ಕುರಿಗಳಲ್ಲಿ ದೇಹತೂಕದ ಕಿಲೋಗ್ರಾಮಿಗೆ 200 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಐದು ಸಾವಿರದಲ್ಲೊಂದು ಪಾಲು ಸಾಕು. ಹುಳುವಿನ ನರ ಸ್ನಾಯುಗಳು ಸ್ತಬ್ಧವಾಗುತ್ತವೆ.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಪಶುವೈದ್ಯರ ಸಂತೋಷವಾಗಿ ಉಳಿಯುತ್ತಿತ್ತು. ಆದರೆ ಕುದುರೆಯ ಚರ್ಮದಲ್ಲಿ ಸುಳಿದಾಡುವ ಒಂದು ಬಗೆಯ ಮರಿಹುಳುವನ್ನೂ ಈ ಮದ್ದು ಕೊಲ್ಲುವುದು ಕಂಡುಬಂತು. ಆ ಹುಳುವಿನ ಹತ್ತಿರದ ದಾಯಾದಿಯೊಂದು ಆಫ್ರಿಕದ ನದಿತೀರಗಳಲ್ಲಿ ಕಪ್ಪುನೊಣದ ಕಡಿತದ ಮೂಲಕ ಮನುಷ್ಯರ ಮೈಸೇರಿ, ಕಣ್ಣನ್ನು ಹೊಕ್ಕು ಕುರುಡಾಗಿಸುತ್ತಿತ್ತು. ಕುದುರೆಗೆ ಒದಗಿದ್ದು ಮನುಷ್ಯನಿಗೂ ಒದಗಬಾರದೇಕೆ? 1978ರಲ್ಲಿಯೇ ಕ್ಯಾಂಪ್‌ಬೆಲ್ಲರು ಈ ಪ್ರಶ್ನೆಯನ್ನು ಸಂಸ್ಥೆಯ ಮುಂದಿಟ್ಟರು. 1981ರಲ್ಲಿ ಅವರ ಸಹೋದ್ಯೋಗಿ ಮೊಹಮದ್ ಅಜೀಜರು ಸೆನೆಗಲ್ ದೇಶದಲ್ಲಿ ರೋಗಿಗಳಿಗೆ ಮದ್ದು ಕೊಟ್ಟು ನೋಡಿದರು, ಅದು ಫಲಿಸಿತು. ಬೇಕಾದವರ ಬಳಿ ಕಾಸಿಲ್ಲದ ಮದ್ದನ್ನು ಮಾರುವುದು ಯಾರಿಗೆ? 1987ರಲ್ಲಿ ಮರ್ಕ್ ಸಂಸ್ಥೆ ಈ ರೋಗಕ್ಕೆ ಬೇಕಾದಷ್ಟು ಮದ್ದನ್ನು, ಬೇಕಾದಷ್ಟು ಕಾಲ ಉಚಿತವಾಗಿ ಕೊಡುವುದಾಗಿ ಸಾರಿತು. 2013ರಲ್ಲಿ ಕೊಲಂಬಿಯ, 2025ರಲ್ಲಿ ಆಫ್ರಿಕದ ದೇಶಗಳಲ್ಲೇ ಮೊದಲನೆಯದಾಗಿ ನೈಜರ್ ಈ ಪಿಡುಗಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆನೆಕಾಲು ರೋಗವನ್ನು ಅಳಿಸಲು ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಭಾರತದ ಪ್ರಯತ್ನದಲ್ಲಿ ಐವರ್‌ಮೆಕ್ಟಿನ್ ಸಹ ಒಂದು. ಅದು ಮೊದಲು ತಲುಪಿದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಸೇರಿದೆ.

2015ರ ನೊಬೆಲ್ ಪಾರಿತೋಷಕದ ಅರ್ಧಭಾಗ ಕ್ಯಾಂಪ್‌ಬೆಲ್, ಒಮುರಾ ಇಬ್ಬರಿಗೂ ಸಂದಿತು. ಆದರೂ ಈ ಗೆಲುವು ಸಂಪೂರ್ಣವಲ್ಲ. ಹಿಂದೆ ಕ್ಯಾಂಪ್‌ಬೆಲ್ಲರು ಅಧ್ಯಯನ ಮಾಡಿದ ಪಿತ್ತಕೋಶದ ಹುಳುವಿಗೆ ಅವರ ಈ ಮದ್ದು ತಾಗುವುದೇ ಇಲ್ಲ. ಕುರಿಗಳ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು, ಮದ್ದನ್ನು ಮಿತಿಮೀರಿ ಬಳಸಿದ ಕಡೆಗಳಲ್ಲಿ, ಅದನ್ನು ಜೀರ್ಣಿಸಿಕೊಳ್ಳಲು ಕಲಿತುಬಿಟ್ಟಿದೆ. ದೊರೆತ ವರವನ್ನು ಹಿತಮಿತವಾಗಿ ಬಳಸುವ ವಿವೇಕವನ್ನು ಯಾವ ಪ್ರಯೋಗಶಾಲೆಯೂ ತಯಾರಿಸಿ ಕೊಡಲಾರದು.

ಕ್ಯಾಂಪ್‌ಬೆಲ್ಲರು ಚಿತ್ರಕಾರರೂ ಹೌದು; ಅವರ ಚಿತ್ರಗಳ ವಸುವಾದದ್ದೂ ಪರೋಪಜೀವಿಗಳೇ. ನಾವು ಮುಖ ಸಿಂಡರಿಸುವ ಜೀವಿಯಲ್ಲಿ ಅವರು ರೂಪವನ್ನು ಕಂಡರು. ಹೇಸದೆ, ಬೇಸರಿಸದೆ ನೋಡಬಲ್ಲ ಆ ಕಣ್ಣಿನಿಂದಲೇ ಬೇರೆಯವರ ಕಣ್ಣುಗಳು ಉಳಿದವು. ಪಶುವಿನ ನೋವನ್ನು ಅರಿಯುವ ವಿದ್ಯೆ ಮನುಷ್ಯನ ನೋವಿಗೆ ಹೊರತಾದುದಲ್ಲ. ಕೊಟ್ಟಿಗೆಗೂ ಮನೆಗೂ ನಡುವಿನ ಗೋಡೆ ನಾವು ಭಾವಿಸಿರುವುದಕ್ಕಿಂತ ತೆಳುವಾದುದು.