ಬಂಜೆಗೆ ಪುಲ್ಲಿಂಗ ಏನು?

ನಮ್ಮೂರ ಬೇಲಿ ಸಾಲಲ್ಲಿ ನಸುಗುನ್ನಿ ಬಳ್ಳಿ ಹಬ್ಬಿರ್ತಿತ್ತು. ಕಾಯಿ ಮೇಲಿನ ಕಂದು ರೋಮ ಮೈಗೆ ತಾಗಿದ್ರೆ ಸಾಕು, ಚರ್ಮ ಕಿತ್ತು ಬಿಸಾಕೋಣ ಅನ್ನಿಸುವಷ್ಟು ತುರಿಕೆ. ಸ್ಕೂಲಲ್ಲಿ ಆಗದವರ ಬೆಂಚಿಗೆ ಅದನ್ನ ಉಜ್ಜಿ ಬರೋದು ನಮ್ಮ ಗುಂಪಿನ ಕೆಲಸ. ಇಪ್ಪತ್ತು ವರ್ಷ ಆದ್ಮೇಲೆ, ಬೆಂಗಳೂರಿನ ಫ್ಲಾಟಲ್ಲಿ, ರಾತ್ರಿ ಹನ್ನೊಂದಕ್ಕೆ, ಹೆಂಡತಿಗೆ ಕಾಣದ ಹಾಗೆ ಅದೇ ಬೀಜದ ಪುಡಿಯನ್ನ ಹಾಲಿಗೆ ಹಾಕ್ಕೊಂಡು ಕುಡೀತಿದ್ದೆ.

ಮದುವೆಯಾಗಿ ನಾಲ್ಕು ವರ್ಷ ಆಗಿತ್ತು. ಊರಿಂದ ಅವಳಿಗೆ ‘ಹಲವು ಮಕ್ಕಳ ತಾಯಿ ಬೇರು’ ಬಂತು, ವ್ರತಗಳ ಪಟ್ಟಿ ಬಂತು. ಸ್ಕ್ಯಾನಿಂಗ್ ಮೂರು ಸಲ ಆಯ್ತು. ನನ್ನ ಟೆಸ್ಟ್ ಬಗ್ಗೆ ಯಾರೂ ಕೇಳ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ನಮ್ಮೂರ ಮಾತಲ್ಲಿ ‘ಬಂಜೆ’ ಅನ್ನೋ ಪದ ಇದೆ. ಅದಕ್ಕೆ ಪುಲ್ಲಿಂಗ ಇಲ್ಲ.

ಆ ಪುಡಿಯ ಡಬ್ಬಿ ಮೇಲೆ ಓಡುವ ಕುದುರೆಯ ಚಿತ್ರ ಇತ್ತು. ಯಾಕೆ ಕುದುರೆ ಅಂತ ಹುಡುಕುತ್ತಾ ಹೋದವನಿಗೆ ಬೇರೆಯದೇ ಇತಿಹಾಸ ಸಿಕ್ಕಿತು.

ಆಯುರ್ವೇದಕ್ಕೆ ಎಂಟು ಅಂಗಗಳು. ಅದರಲ್ಲಿ ಒಂದು ವಾಜೀಕರಣ. ‘ವಾಜಿ’ ಅಂದ್ರೆ ಕುದುರೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಹಾಲು, ತುಪ್ಪ, ಉದ್ದು, ಕಬ್ಬು, ನೆಲಗುಂಬಳ, ಜೊತೆಗೆ ನಮ್ಮ ನಸುಗುನ್ನಿ. ಸಂಸ್ಕೃತದಲ್ಲಿ ಅದರ ಹೆಸರು ಆತ್ಮಗುಪ್ತಾ: ತನ್ನನ್ನು ತಾನೇ ಕಾಯ್ದುಕೊಳ್ಳುವವಳು. ತುರಿಕೆ ತಿಂದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ! ಗಮನಿಸಿ, ಇವು ಕೂಲಿಯವನ ಮನೆಯ ಅಡುಗೆಯಲ್ಲ, ಉಳ್ಳವರ ಮನೆಯದು. ಜೊತೆಗೆ, ಮನಸ್ಸಿನ ಮೇಲೆ ಹಿಡಿತ ಇರುವವನಿಗೆ ಮಾತ್ರ ಇದು ಅಂತ ಚರಕ ಷರತ್ತು ಹಾಕ್ತಾನೆ.

ನನಗೆ ನಿಜವಾಗಿ ಬೆರಗಾಗಿದ್ದು ಮೂವತ್ತನೇ ಅಧ್ಯಾಯ. ಅಲ್ಲಿ ಗಂಡಸಿನ ತೊಂದರೆಯನ್ನ ನಾಲ್ಕು ಬಗೆಯಾಗಿ ಬಿಡಿಸಿದ್ದಾರೆ: ಬೀಜದ ದೋಷ, ಉದ್ರೇಕದ ದೋಷ, ಮುಪ್ಪು, ಶುಕ್ರಕ್ಷಯ. ಅಂದ್ರೆ, ಹಾಸಿಗೆಯಲ್ಲಿ ಸರಿಯಾಗಿರುವವನ ಬೀಜದಲ್ಲೂ ದೋಷ ಇರಬಹುದು ಅನ್ನೋ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ನೋಡಿ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು 1677ರಲ್ಲಿ!

ಹಾಗಾದ್ರೆ ಈ ವ್ಯತ್ಯಾಸ ಎಲ್ಲಿ ಕಳೆದುಹೋಯ್ತು? ಬ್ರಿಟಿಷರ ಕಾಲದಲ್ಲಿ ಅಚ್ಚು ಅಗ್ಗವಾಯ್ತು, ಅಂಚೆ ಹಳ್ಳಿ ತಲುಪಿತು. ಪತ್ರಿಕೆ, ಪಂಚಾಂಗಗಳಲ್ಲಿ ಧಾತುಪುಷ್ಟಿ ಜಾಹೀರಾತುಗಳು ತುಂಬಿದವು. ಔಷಧ ವಿಪಿಪಿಯಲ್ಲಿ ಬರುತ್ತಿತ್ತು, ಯಾರಿಗೂ ಮುಖ ತೋರಿಸಬೇಕಿರಲಿಲ್ಲ. ನಾಚಿಕೆಯೇ ಮಾರುಕಟ್ಟೆಯಾಯ್ತು. ಬಂಜೆತನ, ನಿಶ್ಶಕ್ತಿ, ಸ್ವಪ್ನಸ್ಖಲನ, ಎಲ್ಲಕ್ಕೂ ಒಂದೇ ಡಬ್ಬಿ. ಧಾತು ಹೋಗ್ತಿದೆ ಅಂತ ಹೆದರಿ ಬರುವ ಯುವಕರ ಸಂಕಟಕ್ಕೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ರೋಗಕ್ಕಿಂತ ಭಯ ದೊಡ್ಡದಿತ್ತು.

ಅಷ್ಟರಲ್ಲಿ ಸರ್ಕಾರವೂ ಎಚ್ಚೆತ್ತಿತ್ತು. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ, ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅನ್ನೋ ಔಷಧದ ಜಾಹೀರಾತನ್ನೇ ನಿಷೇಧಿಸಿತು. ಹಮ್‌ದರ್ದ್ ದವಾಖಾನಾ ಸುಪ್ರೀಂ ಕೋರ್ಟ್‌ಗೆ ಹೋಯ್ತು. ಕೋರ್ಟ್ ಕೆಲವು ಭಾಗ ಕಿತ್ತುಹಾಕಿ, ಕಾಯ್ದೆಯ ತಿರುಳನ್ನು ಉಳಿಸಿತು. ಕಾಯ್ದೆ ಇವತ್ತಿಗೂ ಇದೆ. ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ‘ಗುಪ್ತ ರೋಗ’ದ ಬರಹವೂ ಇದೆ.

ಹಾಗಂತ ಗಿಡವೇ ಸುಳ್ಳಾ? ಅಲ್ಲ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿದರು. ಪಾರ್ಕಿನ್‌ಸನ್ ಕಾಯಿಲೆಗೆ ಇವತ್ತೂ ಮುಖ್ಯ ಔಷಧ ಅದೇ. ಅಷ್ಟು ಬಲವಾದ ವಸ್ತುವನ್ನ ಅಳತೆಯಿಲ್ಲದೆ ನಾನು ಚಮಚದಲ್ಲಿ ತಿಂತಿದ್ದೆ. ನಸುಗುನ್ನಿ, ಹಿರೇಮದ್ದು (ಅಶ್ವಗಂಧ) ಇವುಗಳ ಮೇಲೆ ಸಣ್ಣ ಅಧ್ಯಯನಗಳಲ್ಲಿ ಒಳ್ಳೆ ಸೂಚನೆಗಳಿವೆ. ಆದರೆ ನಾಳ ಮುಚ್ಚಿಹೋಗಿದ್ದರೆ ಯಾವ ಬೇರೂ ಅದನ್ನ ತೆರೆಯಲ್ಲ. ಇನ್ನು ‘ಶುದ್ಧ ಗಿಡಮೂಲಿಕೆ’ ಅಂತ ಮಾರುವ ಕೆಲವು ಮಾತ್ರೆಗಳಲ್ಲಿ ಗುಟ್ಟಾಗಿ ಬೆರೆಸಿದ ಸಿಲ್ಡೆನಾಫಿಲ್, ಅಂದ್ರೆ ವಯಾಗ್ರದ ಮದ್ದು, ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳೋರಿಗೆ ಅದು ಪ್ರಾಣಕ್ಕೇ ಕುತ್ತು.

ಕೋಡ್‌ನಲ್ಲಿ ಬಗ್ ಬಂದ್ರೆ ಮೊದಲು ಲಾಗ್ ನೋಡ್ತೀವಿ. ಮನೆಯಲ್ಲಿ ಮಾತ್ರ ನಾಲ್ಕು ವರ್ಷ ಪಕ್ಕದವರ ಮಾಡ್ಯೂಲ್‌ನಲ್ಲೇ ಹುಡುಕಿದ್ದೆ. ಕೊನೆಗೆ ವೀರ್ಯ ಪರೀಕ್ಷೆ ಮಾಡಿಸಿದೆ. ಅರ್ಧ ದಿನದ ಕೆಲಸ. ಕೌಂಟ್ ಕಮ್ಮಿ, ಕಾರಣ ವೆರಿಕೋಸೀಲ್. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಚಿಕಿತ್ಸೆ ಆದ ಮೇಲೆ ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದ್ರು ಡಾಕ್ಟರು.

ರಿಪೋರ್ಟನ್ನು ಹೆಂಡತಿ ಕೈಗೆ ಕೊಟ್ಟೆ. ಅವಳು ಎರಡು ಸಲ ಓದಿದಳು. ಅಳಲಿಲ್ಲ, ಬೈಯಲೂ ಇಲ್ಲ. ‘ಇದನ್ನ ಮೊದಲೇ ಮಾಡಿಸಿದ್ರೆ ನಾನು ಅಷ್ಟು ಕಷಾಯ ಕುಡಿಯೋದು ತಪ್ತಿತ್ತಲ್ರೀ’ ಅಂದಳು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ‘ಅವ್ವಾ, ಇನ್ಮೇಲೆ ಬೇರು ಕಳಿಸೋದಿದ್ರೆ ನನ್ನ ಹೆಸರಿಗೆ ಕಳ್ಸು’ ಅಂದೆ.