ಜಾವಾ ವೆಬ್ ಅಪ್ಲಿಕೇಷನ್ನಿನಲ್ಲಿ ಕಾಣದ ಕಡತ: ಒಂದು ಐತಿಹಾಸಿಕ ವಿವೇಚನೆ

ನಮ್ಮ ವಿಭಾಗದ ಶಾಸನಚಿತ್ರಗಳ ಜಾಲತಾಣದಲ್ಲಿ ಕೆಲಕಾಲದ ಹಿಂದೆ ಒಂದು ದೋಷವು ತಲೆದೋರಿತು. ಶಾಸನಗಳ ಪಾಠವು ಪುಟದ ಮೇಲೆ ಸರಿಯಾಗಿ ಮೂಡುತ್ತಿದ್ದರೂ ಚಿತ್ರಗಳು ಕಾಣುತ್ತಿರಲಿಲ್ಲ. ಅವುಗಳನ್ನು ಕೋರಿದಾಗಲೆಲ್ಲ 'ದೊರೆಯಲಿಲ್ಲ' ಎಂಬರ್ಥದ 404 ಎಂಬ ಸಂಖ್ಯೆಯೇ ಉತ್ತರವಾಗಿ ಬರುತ್ತಿತ್ತು. ಚಿತ್ರಗಳೇ ನಷ್ಟವಾದುವೆಂದು ಕೆಲವರು ನಿರ್ಣಯಿಸಿದರು. ಈ ನಿರ್ಣಯವು ತಪ್ಪೆಂಬುದನ್ನು ಆ ವ್ಯವಸ್ಥೆಯ ಚರಿತ್ರೆಯಿಂದಲೇ ತಿಳಿಯಬಹುದು.

ಚಿತ್ರ ಮೊದಲಾದ, ಇದ್ದಂತೆಯೇ ಕಳುಹಿಸತಕ್ಕ ಕಡತಗಳನ್ನು ಸ್ಥಿರ ಕಡತಗಳೆನ್ನುವರು. ಕೋರಿಕೆಗೆ ತಕ್ಕ ಉತ್ತರವನ್ನು ಆಗಲೇ ರಚಿಸಿಕೊಡುವ ಜಾವಾ ಘಟಕಕ್ಕೆ ಸರ್ವ್‌ಲೆಟ್ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1999ರಲ್ಲಿ ಹೊರತಂದ ಸರ್ವ್‌ಲೆಟ್ ನಿಯಮಾವಳಿಯ 2.2ನೆಯ ಆವೃತ್ತಿಯ ಪ್ರಕಾರ, ಯಾವ ವಿಳಾಸವು ಯಾರ ವಶವೆಂಬುದನ್ನು ನಾಲ್ಕು ಹಂತಗಳಲ್ಲಿ ನಿಶ್ಚಯಿಸಬೇಕು. ಮೊದಲು ವಿಳಾಸವು ಪೂರ್ಣವಾಗಿ ಹೊಂದುವ ಸರ್ವ್‌ಲೆಟ್. ಅನಂತರ ವಿಳಾಸದ ಮೊದಲ ಭಾಗವು ಅತ್ಯಂತ ದೀರ್ಘವಾಗಿ ಹೊಂದುವುದು. ಮೂರನೆಯದಾಗಿ ಕಡತದ ಹೆಸರಿನ ಕೊನೆಯ ಭಾಗವು ಹೊಂದುವುದು. ಇವಾವುವೂ ಇಲ್ಲವಾದರೆ 'ಡಿಫಾಲ್ಟ್ ಸರ್ವ್‌ಲೆಟ್'. ಸ್ಥಿರ ಕಡತಗಳನ್ನು ಕೊಡುವ ಹೊಣೆಯು ಸಾಮಾನ್ಯವಾಗಿ ಈ ಕೊನೆಯದಕ್ಕೆ ಸೇರಿದೆ.

ದೋಷದ ಮೂಲವು ಇಲ್ಲಿಯೇ ಇದೆ. ಒಂದು ಸರ್ವ್‌ಲೆಟ್ಟಿಗೆ '/*' ಎಂಬ ವ್ಯಾಪ್ತಿಯನ್ನು ಕೊಟ್ಟರೆ ಅದು ಎರಡನೆಯ ಹಂತದಲ್ಲಿಯೇ ಉಳಿದ ವಿಳಾಸಗಳೆಲ್ಲವನ್ನೂ ವಶಪಡಿಸಿಕೊಳ್ಳುತ್ತದೆ. ಕೋರಿಕೆಯು ಡಿಫಾಲ್ಟ್ ಸರ್ವ್‌ಲೆಟ್ಟನ್ನು ಮುಟ್ಟುವುದೇ ಇಲ್ಲ. ಬರಿಯ '/' ಎಂದು ಬರೆದರೆ ಅದು ಡಿಫಾಲ್ಟ್ ಸರ್ವ್‌ಲೆಟ್ಟಿನ ಸ್ಥಾನವನ್ನೇ ಆಕ್ರಮಿಸುತ್ತದೆ. ಸ್ಪ್ರಿಂಗ್ ಚೌಕಟ್ಟನ್ನು ಬಳಸುವವರಲ್ಲಿ ಈ ಎರಡನೆಯ ಪದ್ಧತಿಯು ರೂಢವಾದುದರಿಂದ, 2010ರಲ್ಲಿ ಅದರ 3.0.4ನೆಯ ಆವೃತ್ತಿಯು ಸ್ಥಿರ ಕಡತಗಳನ್ನು ತಾನೇ ಕೊಡುವ ಮಾರ್ಗವನ್ನೂ, ಡಿಫಾಲ್ಟ್ ಸರ್ವ್‌ಲೆಟ್ಟಿಗೆ ಮರಳಿ ಒಪ್ಪಿಸುವ ಮಾರ್ಗವನ್ನೂ ಕಲ್ಪಿಸಿತು. 2014ರ ಸ್ಪ್ರಿಂಗ್ ಬೂಟ್ 'ಸ್ಟ್ಯಾಟಿಕ್', 'ಪಬ್ಲಿಕ್' ಮುಂತಾದ ಹೆಸರಿನ ಕೋಶಗಳಲ್ಲಿ ಇಟ್ಟುದನ್ನು ಬೇರೆ ಸೂಚನೆಯಿಲ್ಲದೆಯೇ ಒದಗಿಸಿತು.

ಪರಿಶೀಲನೆಗೂ ಒಂದು ಕ್ರಮವುಂಟು. ಕಡತವು ಸರ್ವರಿನಲ್ಲಿ ವಾಸ್ತವವಾಗಿ ಇದೆಯೇ? 'ವೆಬ್-ಇನ್ಫ್' ಕೋಶದೊಳಗೆ ಸೇರಿಹೋಗಿದೆಯೇ? ಅಲ್ಲಿರುವುದನ್ನು ನೇರವಾಗಿ ಕೊಡಕೂಡದೆಂಬುದೇ ನಿಯಮ. ಹೆಸರಿನಲ್ಲಿ ರೋಮನ್ ಲಿಪಿಯ ದೊಡ್ಡ, ಸಣ್ಣ ಅಕ್ಷರಗಳು ವಿಳಾಸದಲ್ಲಿದ್ದಂತೆಯೇ ಇವೆಯೇ? ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ ಅವನ್ನು ಭಿನ್ನವೆಂದೇ ಎಣಿಸುತ್ತವೆ. ಇವೆಲ್ಲ ಸರಿಯಾಗಿದ್ದರೆ ಸರ್ವ್‌ಲೆಟ್ಟುಗಳ ವ್ಯಾಪ್ತಿಯನ್ನು ಓದಬೇಕು. ನಮ್ಮಲ್ಲಿ ಮೊದಲ ಮೂರೂ ನಿರ್ದೋಷವಾಗಿದ್ದು, ನಾಲ್ಕನೆಯದರಲ್ಲಿ '/*' ಕಂಡುಬಂದಿತು. ಆ ಸರ್ವ್‌ಲೆಟ್ಟಿಗೆ ಅವಶ್ಯವಾದ ವಿಳಾಸಗಳನ್ನಷ್ಟೇ ಉಳಿಸಿದೆವು, ಚಿತ್ರಗಳೆಲ್ಲವೂ ಮೂಡಿದುವು. ಒಂದೂ ನಷ್ಟವಾಗಿರಲಿಲ್ಲ.

ದೇಗುಲದ ಗೋಡೆಗೆ ಬಳಿದ ಸುಣ್ಣದ ಕೆಳಗೆ ಶಾಸನವಿರಬಹುದೆಂಬುದನ್ನು ಚರಿತ್ರಕಾರರು ಬಲ್ಲರು. ಇನ್ನು ಮುಂದೆ ಆಕರಗಳನ್ನು ಜಾಲತಾಣಗಳಲ್ಲಿ ಅರಸುವವರೂ ಅದೇ ಎಚ್ಚರವನ್ನು ತಾಳಬೇಕಾಗಿದೆ. 'ದೊರೆಯಲಿಲ್ಲ' ಎಂಬ ಉತ್ತರವು 'ಇಲ್ಲ' ಎಂಬುದಕ್ಕೆ ಪ್ರಮಾಣವಾಗಲಾರದು.