ಸಾಕು ಬಡ್ಜಿ ಪಕ್ಷಿಗಳಲ್ಲಿ ರೆಕ್ಕೆ ಕತ್ತರಿಸಿದ ನಂತರ ಗರಿ ಮರಳಿ ಬಾರದಿರುವುದು: ಸಾರ್ವಜನಿಕರಿಗೆ ಮಾಹಿತಿ

ಗೋಕಾಕ ತಾಲ್ಲೂಕಿನ ಮಮದಾಪುರ ಹಾಗೂ ನೆರೆಯ ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಗ್ರಾಮಗಳಲ್ಲಿ ದನಕರು, ಆಡು, ಕೋಳಿಗಳ ಜೊತೆಗೆ ಪಂಜರದ ಪಕ್ಷಿಗಳನ್ನು ಸಾಕುವವರೂ ಇದ್ದಾರೆ. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಣ್ಣ ಹಕ್ಕಿಯು ಬಹುತೇಕ ಆಸ್ಟ್ರೇಲಿಯಾ ಮೂಲದ ಬಡ್ಜಿ ಪಕ್ಷಿಯಾಗಿರುತ್ತದೆ; ನಿಜವಾದ ಲವ್ ಬರ್ಡ್ ಆಫ್ರಿಕಾ ಮೂಲದ ಬೇರೆ ಪಕ್ಷಿ. ಹಾರಿಹೋಗದಿರಲೆಂದು ಇದರ ರೆಕ್ಕೆಯ ಗರಿಗಳನ್ನು ಕತ್ತರಿಸುವ ರೂಢಿಯಿದೆ. ತಿಂಗಳುಗಳು ಕಳೆದರೂ ಗರಿ ಬಾರದಿದ್ದಾಗ ಕೆಲವರು ಉಳಿದ ಮೋಟುಗಳನ್ನು ಕೈಯಿಂದ ಕೀಳುತ್ತಾರೆ. ಈ ಸಮಸ್ಯೆಯಲ್ಲಿ ಅತ್ಯಂತ ಹಾನಿಕರವಾದುದು ಇದೇ ಕ್ರಮ.

ಕತ್ತರಿಸಿದ ಉಗುರು ಬುಡದಿಂದ ಮತ್ತೆ ಬೆಳೆಯುತ್ತದೆ, ಗರಿಯು ಹಾಗಲ್ಲ. ಪೂರ್ಣವಾಗಿ ಬೆಳೆದ ಗರಿಯಲ್ಲಿ ರಕ್ತಸಂಚಾರವಿರುವುದಿಲ್ಲ. ಆದುದರಿಂದ ಕತ್ತರಿಸಿದ ಮೋಟು ಇದ್ದಷ್ಟೇ ಇದ್ದು, ಗರಿ ಉದುರುವ ಕಾಲದಲ್ಲಿ ತಾನಾಗಿಯೇ ಕಳಚಿದ ನಂತರವೇ ಆ ಸ್ಥಳದಲ್ಲಿ ಹೊಸ ಗರಿ ಹುಟ್ಟುತ್ತದೆ. ಬಡ್ಜಿ ಮರಿಯು ಸುಮಾರು 3ರಿಂದ 4 ತಿಂಗಳ ವಯಸ್ಸಿನಲ್ಲಿ ಮೊದಲ ಬಾರಿ ಗರಿ ಬದಲಿಸುತ್ತದೆ. ಪ್ರತಿ ರೆಕ್ಕೆಯಲ್ಲಿರುವ 10 ಪ್ರಧಾನ ಗರಿಗಳು ಒಮ್ಮೆಲೇ ಉದುರದೆ ಒಂದೊಂದಾಗಿ ಬದಲಾಗುವುದರಿಂದ, ಪೂರ್ಣ ರೆಕ್ಕೆ ಸಿದ್ಧವಾಗಲು ಹಲವು ತಿಂಗಳು ಬೇಕಾಗುತ್ತವೆ. ಮಾಲೀಕರು ಕಾಯಲೇಬೇಕು. ಮೋಟನ್ನು ಬಲವಂತವಾಗಿ ಕಿತ್ತರೆ ಗರಿ ಹುಟ್ಟುವ ಗುಳಿಗೆ ಗಾಯವಾಗಿ, ಗರಿ ಸೊಟ್ಟಗಾಗಬಹುದು, ಚರ್ಮದೊಳಗೇ ಗಂಟಾಗಬಹುದು ಅಥವಾ ಶಾಶ್ವತವಾಗಿ ಬಾರದೆಯೇ ಹೋಗಬಹುದು.

ಹೊಸ ಗರಿಯು ಮೊದಲಿಗೆ ಮುಳ್ಳಿನಂತಿದ್ದು, ಪೊರೆಯೊಳಗೆ ರಕ್ತ ತುಂಬಿಕೊಂಡಿರುತ್ತದೆ. ಸಾಮಾನ್ಯವಾಗಿ ಅಕ್ಕಪಕ್ಕದ ಉದ್ದ ಗರಿಗಳು ಇದಕ್ಕೆ ಆಸರೆಯಾಗಿರುತ್ತವೆ. ಎಲ್ಲ ಗರಿಗಳನ್ನೂ ಬುಡದವರೆಗೆ ಕತ್ತರಿಸಿದ ಪಕ್ಷಿಯಲ್ಲಿ ಈ ಆಸರೆ ಇರುವುದಿಲ್ಲವಾದ್ದರಿಂದ, ಒಂಟಿಯಾಗಿ ಬಂದ ಗರಿಯು ಪಂಜರದ ಸರಳಿಗೆ ಬಡಿದು ಮುರಿಯುತ್ತದೆ. “ಗರಿ ಬರುತ್ತಲೇ ಇಲ್ಲ” ಎಂಬ ದೂರಿನ ಹಿಂದೆ ಎಷ್ಟೋ ಬಾರಿ ಬಂದ ಗರಿಯೇ ಪದೇ ಪದೇ ಮುರಿದಿರುತ್ತದೆ. 30ರಿಂದ 40 ಗ್ರಾಂ ತೂಕದ ಈ ಪಕ್ಷಿಯಲ್ಲಿರುವ ಒಟ್ಟು ರಕ್ತವು ಸುಮಾರು 3ರಿಂದ 4 ಮಿಲಿಲೀಟರ್ ಮಾತ್ರ. ರಕ್ತ ಸೋರುತ್ತಿದ್ದಲ್ಲಿ ಶುದ್ಧ ಹತ್ತಿಯಿಂದ ಮೃದುವಾಗಿ 2–3 ನಿಮಿಷ ಒತ್ತಿ ಹಿಡಿದು, ಗಾಳಿಯಾಡುವ ಕತ್ತಲ ಪೆಟ್ಟಿಗೆಯಲ್ಲಿರಿಸಿ, ವಿಳಂಬವಿಲ್ಲದೆ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ಎಲ್ಲವೂ ಕತ್ತರಿಯ ದೋಷವಲ್ಲ. ಕತ್ತರಿಸದೇ ಇದ್ದ ಬಾಲದ ಗರಿಗಳೂ ಉದುರಿದ್ದರೆ, ಹೊಸ ಗರಿಗಳು ಮುರುಟಿಕೊಂಡಿದ್ದರೆ, ಅದರಲ್ಲಿಯೂ ಮರಿಗಳಲ್ಲಿ ಹೀಗಾಗಿದ್ದರೆ, ‘ಫ್ರೆಂಚ್ ಮೌಲ್ಟ್’ ಎಂಬ ರೋಗವನ್ನು ಶಂಕಿಸಬೇಕಾಗುತ್ತದೆ. ಪಾಲಿಯೋಮಾ ಮತ್ತು ಸರ್ಕೋ ವೈರಸ್‌ಗಳಿಂದ ಬರುವ ಈ ರೋಗವನ್ನು ಗುಣಪಡಿಸುವ ನಿರ್ದಿಷ್ಟ ಔಷಧಿ ಇಲ್ಲ. ಇತರ ಪಕ್ಷಿಗಳಿಗೆ ಹರಡುವುದರಿಂದ ಅಂತಹ ಪಕ್ಷಿಯನ್ನು ಕೂಡಲೇ ಪ್ರತ್ಯೇಕಿಸುವುದು ಅವಶ್ಯ.

ಆಹಾರದ ಬಗ್ಗೆಯೂ ಗಮನವಿರಲಿ. ನವಣೆ, ಸಜ್ಜೆ ಕಾಳುಗಳನ್ನಷ್ಟೇ ತಿಂದು ಬೆಳೆದ ಪಕ್ಷಿಗೆ ‘ಎ’ ಜೀವಸತ್ವ ಹಾಗೂ ಗರಿಗೆ ಬೇಕಾದ ಪ್ರೋಟೀನ್ ಸಾಲುವುದಿಲ್ಲ. ತೊಳೆದ ಮೆಂತ್ಯೆ ಸೊಪ್ಪು, ತುರಿದ ಗಜ್ಜರಿ, ಆಗಾಗ್ಗೆ ಸ್ವಲ್ಪ ಬೇಯಿಸಿದ ಮೊಟ್ಟೆ ನೀಡಬಹುದಾಗಿದೆ. ಕುಳಿತುಕೊಳ್ಳುವ ಕೋಲುಗಳನ್ನು ತಗ್ಗಿನಲ್ಲಿ ಕಟ್ಟಿ, ಪಂಜರದ ತಳಕ್ಕೆ ಮೆತ್ತನೆಯ ಬಟ್ಟೆ ಹಾಸಿದರೆ ಬಿದ್ದರೂ ಪೆಟ್ಟಾಗುವುದಿಲ್ಲ. ಗರಿ ಬಂದ ನಂತರ ಪಕ್ಷಿಯನ್ನು ಹೊರಬಿಡುವ ಮುನ್ನ ಮೇಲ್ಛಾವಣಿಯ ಫ್ಯಾನನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚುವುದು ಮತ್ತೆ ರೆಕ್ಕೆ ಕತ್ತರಿಸುವುದಕ್ಕಿಂತ ಸುಲಭ.

ಒಂದು ವರ್ಷ ಕಳೆದರೂ ಮೋಟು ಉದುರದಿದ್ದಲ್ಲಿ ಪಕ್ಷಿಯನ್ನು ಪಶು ಆಸ್ಪತ್ರೆಗೆ ತರಬೇಕು. ಮಮದಾಪುರದವರಿಗೆ ಗೋಕಾಕದ ಆಸ್ಪತ್ರೆ ತಾಲ್ಲೂಕು ಕೇಂದ್ರದ್ದಾಗಿದೆ. ಅಗತ್ಯವೆನಿಸಿದರೆ ಅರಿವಳಿಕೆ ನೀಡಿ ಮೋಟು ತೆಗೆಯುವ ನಿರ್ಧಾರ ವೈದ್ಯರದು. ಬರುವಾಗ ಸಣ್ಣ ಪಂಜರಕ್ಕೆ ಬಟ್ಟೆ ಹೊದಿಸಿ, ಉದುರಿದ ಗರಿಗಳನ್ನು ಕಾಗದದಲ್ಲಿ ಸುತ್ತಿ ತರುವುದು; ರೆಕ್ಕೆ ಕತ್ತರಿಸಿದ ತಿಂಗಳು, ಪಕ್ಷಿಯ ವಯಸ್ಸು ಮತ್ತು ಆಹಾರದ ವಿವರ ತಿಳಿಸುವುದು.

ಬಡ್ಜಿ ಸಾಕಲು ಅನುಮತಿ ಬೇಕೇ ಎಂಬ ಸಂದೇಹ ಹಲವರಿಗಿದೆ. ಬಡ್ಜಿಯು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅನುಬಂಧಗಳಲ್ಲಿ ಇಲ್ಲವಾದ್ದರಿಂದ, 2024ರ ಜೀವಂತ ಪ್ರಾಣಿ ಪ್ರಭೇದಗಳ ನೋಂದಣಿ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಹೊಲಗದ್ದೆಗಳ ಹಸಿರು ಗಿಳಿಗಳ ವಿಷಯ ಬೇರೆ: ಅವುಗಳನ್ನು ಹಿಡಿದು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಪರಾಧ.